ಈಸ್ಟರ್ ಬೆಳಗ್ಗೆ ಚಿಟ್ಟೆ ಬಿಡೋದು: ಮಕ್ಕಳಿಗೆ ಪುನರುತ್ಥಾನ ಅಂತ ಹೇಳಬಹುದಾ?

ಸಂಡೇಸ್ಕೂಲ್_ಟೀಚರ್
ಎಲ್ಲರಿಗೂ ವಂದನೆಗಳು. ಈ ಸಲ, ಅಂದರೆ 2026ರಲ್ಲಿ, ಈಸ್ಟರ್ ಏಪ್ರಿಲ್ 5ಕ್ಕೆ ಬಂದಿದೆ. ಮಕ್ಕಳ ಕಣ್ಣೆದುರೇ ಹುಳ ಬೆಳೆದು ಚಿಟ್ಟೆಯಾಗಬೇಕು, ಈಸ್ಟರ್ ಮುಂಜಾನೆಯ ಆರಾಧನೆ ಮುಗಿದ ಮೇಲೆ ಚರ್ಚ್ ಅಂಗಳದಲ್ಲಿ ಅದನ್ನ ಹಾರಿಬಿಡಬೇಕು ಅನ್ನೋ ಯೋಚನೆ ಇದೆ. ಎರಡು ಪ್ರಶ್ನೆ. ಮೈಸೂರಿನ ಹವೆಗೆ ಯಾವ ಚಿಟ್ಟೆ ಒಳ್ಳೇದು, ಯಾವಾಗ ಶುರು ಮಾಡಬೇಕು? ಇನ್ನೊಂದು, ಪಾಠದ ಚಾರ್ಟ್‌ಗಳಲ್ಲಿ ಹುಳ ಅಂದ್ರೆ ಪಾಪದ ಜೀವನ, ಗೂಡು ಅಂದ್ರೆ ಸಮಾಧಿ, ಚಿಟ್ಟೆ ಅಂದ್ರೆ ಪುನರುತ್ಥಾನ ಅಂತ ಮೂರು ಚಿತ್ರ ಇರುತ್ತೆ. ಈ ಬೋಧನೆ ಸರಿಯಾ? ಸತ್ಯವೇದದಲ್ಲಿ ಚಿಟ್ಟೆ ಬರೋದು ಎಲ್ಲಿ?

ನೂತನ_ಸೃಷ್ಟಿ
2 ಕೊರಿಂಥ 5:17. ಪೂರ್ವಸ್ಥಿತಿ ಹೋಯಿತು, ಎಲ್ಲಾ ಹೊಸದಾಯಿತು. ಇದಕ್ಕಿಂತ ಚೆನ್ನಾಗಿ ಹೇಳೋಕಾಗುತ್ತಾ?

ಗ್ರೀಕ್_ಪಾಠ
ಸತ್ಯವೇದದಲ್ಲಿ ಚಿಟ್ಟೆ ಎಲ್ಲೂ ಇಲ್ಲ, ಅದನ್ನ ಮೊದಲೇ ಒಪ್ಪಿಕೊಂಡುಬಿಡೋಣ. ಚಿಟ್ಟೆಯ ಕುಲದಲ್ಲಿ ಅಲ್ಲಿ ಬರೋದು ನುಸಿ ಒಂದೇ. ಅದೂ ಬಟ್ಟೆ ತಿಂದು ಹಾಳುಮಾಡೋ ಕೆಲಸಕ್ಕೆ (ಮತ್ತಾಯ 6:19).

ಆದರೆ ಮಾತು ಅಲ್ಲಿಗೇ ಮುಗಿಯಲ್ಲ. ರೋಮಾ 12:2ರಲ್ಲಿ ನಮ್ಮ ಹಳೆಯ ಕನ್ನಡ ಅನುವಾದ "ಪರಲೋಕಭಾವದವರಾಗಿರಿ" ಅನ್ನುತ್ತೆ. ಚೆಂದದ ಮಾತು, ಆದರೆ ಮೂಲದ ಕ್ರಿಯಾಪದ ಅದರಲ್ಲಿ ಕಾಣೋದಿಲ್ಲ. ಮೂಲದಲ್ಲಿರೋದು ರೂಪಾಂತರದ ಪದ, ಜೀವಶಾಸ್ತ್ರದವರು ಹುಳ ಚಿಟ್ಟೆಯಾಗೋದಕ್ಕೆ ಹೇಳೋ ಮೆಟಮಾರ್ಫಸಿಸ್‌ನ ಬೇರು. ಬೆಟ್ಟದ ಮೇಲೆ ಯೇಸು ಸ್ವಾಮಿಯ ರೂಪ ಬದಲಾದಾಗ (ಮತ್ತಾಯ 17:2) ಇರೋದೂ ಅದೇ ಪದ, 2 ಕೊರಿಂಥ 3:18ರಲ್ಲಿ ಇರೋದೂ ಅದೇ. ರೋಮಾಪುರದವರಿಗೆ ಬರೆದದ್ದು ವರ್ತಮಾನ ಕಾಲದ ಆಜ್ಞೆ, ಕರ್ಮಣಿಯಲ್ಲಿ. "ಮಾರ್ಪಡುತ್ತಾ ಇರಿ, ದೇವರು ಮಾರ್ಪಡಿಸಲಿ" ಅನ್ನೋ ಅರ್ಥ ಬರುತ್ತೆ. ಒಂದು ದಿನದಲ್ಲಿ ಆಗಿ ಮುಗಿಯೋ ಕೆಲಸ ಅಲ್ಲ. ಹಾಗಾಗಿ ಆ ವಚನಕ್ಕೆ ಚಿಟ್ಟೆ ಹಾರೋ ಚಿತ್ರಕ್ಕಿಂತ ಹುಳ ಪೊರೆ ಬಿಡೋ ಚಿತ್ರ ಹೆಚ್ಚು ಹತ್ತಿರ.

ಕರಿಬೇವು_ಗಿಡ
ಮೊದಲನೇ ಪ್ರಶ್ನೆಗೆ ನನ್ನ ಉತ್ತರ. ನಿಂಬೆ ಚಿಟ್ಟೆ ತಗೊಳ್ಳಿ ಟೀಚರ್. ನಿಂಬೆ, ಕರಿಬೇವು, ಬಿಲ್ವ ಯಾವ ಗಿಡದಲ್ಲಾದರೂ ಸಿಗುತ್ತೆ. ಹುಳಕ್ಕೆ ರೋಮ ಇಲ್ಲ, ಮಕ್ಕಳ ಕೈ ತುರಿಸಲ್ಲ.

ಬೇಸಿಗೆಯ ಲೆಕ್ಕ: ಮೊಟ್ಟೆ 3–4 ದಿನ, ಹುಳ 14–16 ದಿನ, ಕೋಶ (ಹುಳ ಚಿಟ್ಟೆಯಾಗೋ ಹಂತ, ಚಾರ್ಟ್‌ನಲ್ಲಿ ಗೂಡು ಅನ್ನೋದು) 8–10 ದಿನ. ಒಟ್ಟು 25ರಿಂದ 30. ಏಪ್ರಿಲ್ 5ರಿಂದ ಹಿಂದಕ್ಕೆ ಎಣಿಸಿದರೆ ಮಾರ್ಚ್ 6ರಿಂದ 11ರ ಒಳಗೆ ಇಟ್ಟ ಮೊಟ್ಟೆ ಬೇಕು. ಒಂದೇ ದಿನದ ಮೊಟ್ಟೆಗಳನ್ನೇ ನಂಬಬೇಡಿ. ಮಾರ್ಚ್ 5ರಿಂದ 13ರವರೆಗೆ ದಿನ ಬಿಟ್ಟು ದಿನ ಮೂರು ನಾಲ್ಕು ಮೊಟ್ಟೆ ಸೇರಿಸ್ತಾ ಹೋಗಿ, ಡಬ್ಬಿ ಮೇಲೆ ತಾರೀಖು ಬರೆದಿಡಿ. ಸೆಕೆ ಹೆಚ್ಚಾದ್ರೆ ಬೇಗ ಆಗುತ್ತೆ, ಮೋಡ ಕವಿದರೆ ತಡ.

ಮೊಟ್ಟೆ ಚಿಗುರೆಲೆ ಮೇಲೆ ಒಂದೊಂದೇ ಇರುತ್ತೆ. ಗುಂಡಗೆ, ತಿಳಿ ಹಳದಿ, ಸಾಸಿವೆಗಿಂತ ಚಿಕ್ಕದು. ಎಳೆ ಹುಳ ನೋಡೋಕೆ ಹಕ್ಕಿ ಹಿಕ್ಕೆ ಥರ, ಕಂದು ಬಿಳಿ ಮಚ್ಚೆ. ಎಷ್ಟೋ ಜನ ಕಸ ಅಂತ ಒರೆಸಿ ಬಿಸಾಡ್ತಾರೆ. ಐದನೇ ಹಂತದಲ್ಲಿ ಮಾತ್ರ ಹಸಿರಾಗೋದು. ಮುಟ್ಟಿದರೆ ತಲೆ ಹಿಂದಿನಿಂದ ಕವಲೊಡೆದ ಕೊಂಬು ಚಾಚುತ್ತೆ, ಹುಳಿ ವಾಸನೆ ಬರುತ್ತೆ. ಹೆದರಬೇಕಾಗಿಲ್ಲ.

ಇನ್ನು ಅತಿ ಮುಖ್ಯವಾದ ಮಾತು: ಅಂಗಡಿ ಕರಿಬೇವು ಹಾಕಬೇಡಿ. ಔಷಧಿ ಹೊಡೆದಿರ್ತಾರೆ. ತೊಳೆದರೂ ಹೋಗಲ್ಲ. ಬೆಳಗ್ಗೆ ಎಲೆ ಹಾಕಿದರೆ ಸಂಜೆಗೆ ಹುಳ ಹಸಿರು ನೀರು ಕಕ್ಕಿ ಸತ್ತಿರುತ್ತೆ. ಮನೆ ಗಿಡ ಇದ್ದವರ ಹತ್ತಿರ ಈಗಲೇ ಹೇಳಿಡಿ. ಕೊನೇ ನಾಲ್ಕೈದು ದಿನದಲ್ಲಿ ಹುಳ ತಿನ್ನೋದು ಅದುವರೆಗೆ ತಿಂದದ್ದೆಲ್ಲಕ್ಕಿಂತ ಹೆಚ್ಚು. ಹತ್ತು ಹುಳಕ್ಕೆ ಸೊಂಟದೆತ್ತರದ ಎರಡು ಕರಿಬೇವಿನ ಗಿಡವಾದರೂ ಬೇಕು.

ಕರಾವಳಿ_ಕಿರಣ
ಕಣಗಿಲೆ ಗಿಡದಲ್ಲಿ ಸಿಗೋ ಚಿಟ್ಟೆಯ ಕೋಶ ಬೆಳ್ಳಿ ಬಂಗಾರದ ಹಾಗೆ ಹೊಳೆಯುತ್ತೆ. ಮಕ್ಕಳಿಗೆ ತೋರಿಸೋಕೆ ಅದೇ ಚೆನ್ನಲ್ವಾ? ಸಮಾಧಿಯೊಳಗೂ ಮಹಿಮೆ ಇತ್ತು ಅಂತ ಹೇಳಬಹುದು.

ಕರಿಬೇವು_ಗಿಡ
@ಕರಾವಳಿ_ಕಿರಣ ಹೊಳಪು ನಿಜ. ಆದರೆ ಕಣಗಿಲೆಯ ಎಲೆ, ಹಾಲು ಎರಡೂ ವಿಷ. ಎಕ್ಕದ ಗಿಡವೂ ಹಾಗೇ, ಅದರ ಹಾಲು ಕಣ್ಣಿಗೆ ಬಿದ್ದರೆ ಅಪಾಯ. ಆರೇಳು ವರ್ಷದ ಮಕ್ಕಳು ದಿನಾ ಎಲೆ ಬದಲಾಯಿಸೋ ಜಾಗದಲ್ಲಿ ಇವೆರಡೂ ಬೇಡ. ಗಿಡದ ಮೇಲೆ ಇರೋ ಕೋಶವನ್ನ ದೂರದಿಂದ ತೋರಿಸಿ, ಸಾಕು.

ಜೀವಶಾಸ್ತ್ರ_ಮೇಷ್ಟ್ರು
ಎರಡನೇ ಪ್ರಶ್ನೆಗೆ ನನ್ನ ಆಕ್ಷೇಪ ಇದೆ. ಕೋಶ ಸಮಾಧಿ ಅಲ್ಲ, ಯಾಕಂದ್ರೆ ಒಳಗಿರೋದು ಸತ್ತಿಲ್ಲ. ಉಸಿರಾಡುತ್ತೆ. ಮುಟ್ಟಿದರೆ ಹೊಟ್ಟೆ ಭಾಗ ಅಲ್ಲಾಡಿಸುತ್ತೆ. "ಯೇಸು ಸ್ವಾಮಿ ಗೂಡಿನೊಳಗಿನ ಹುಳದ ಹಾಗೆ ಇದ್ದರು" ಅಂತ ಮಕ್ಕಳಿಗೆ ಹೇಳಿದರೆ, ಸ್ವಾಮಿ ಶಿಲುಬೆಯ ಮೇಲೆ ಸಾಯಲೇ ಇಲ್ಲ, ಮೂರ್ಛೆ ಹೋಗಿದ್ದರು ಅನ್ನೋ ವಾದಕ್ಕೆ ನಾವೇ ದಾರಿ ಮಾಡಿಕೊಟ್ಟಂತೆ. ಸುವಾರ್ತೆ ಹೇಳೋದು ಅದಲ್ಲ. ಸತ್ತರು, ಪಕ್ಕೆ ತಿವಿದರು, ರಕ್ತ ನೀರು ಹರಿಯಿತು, ಹೂಣಿಟ್ಟರು.

ಇನ್ನೂ ಒಂದು. ಕೆಲವು ಚಾರ್ಟ್‌ನಲ್ಲಿ "ಗೂಡಿನಲ್ಲಿ ಮೂರು ದಿನ" ಅಂತ ಇರುತ್ತೆ. ಯಾವ ಚಿಟ್ಟೆ ಮೂರು ದಿನಕ್ಕೆ ಹೊರಗೆ ಬರುತ್ತೆ? ನಿಂಬೆ ಚಿಟ್ಟೆಗೆ ಎಂಟು ದಿನ ಬೇಕೇ ಬೇಕು. ಮಕ್ಕಳು ಕೋಶದ ಮುಂದೆ ಕೂತು ದಿನ ಎಣಿಸ್ತಾರೆ. ನಾಲ್ಕನೇ ದಿನಕ್ಕೆ ಅವರಿಗೆ ಸುಳ್ಳು ಹೇಳಿದ್ದು ಗೊತ್ತಾಗುತ್ತೆ. ಹುಳದ ವಿಷಯದಲ್ಲಿ ಸುಳ್ಳು ಹೇಳಿದವರು ಸ್ವಾಮಿಯ ವಿಷಯದಲ್ಲಿ ಹೇಳೋದನ್ನ ಅವರು ಹೇಗೆ ನಂಬಬೇಕು?

ನೂತನ_ಸೃಷ್ಟಿ
ಮೇಷ್ಟ್ರೇ, ದೃಷ್ಟಾಂತವನ್ನ ಇಷ್ಟು ಜಗ್ಗಿದರೆ ಯಾವ ದೃಷ್ಟಾಂತವೂ ನಿಲ್ಲಲ್ಲ. ಪೌಲನೇ 1 ಕೊರಿಂಥ 15ರಲ್ಲಿ ಬೀಜ "ಸಾಯುತ್ತೆ" ಅಂತಾನೆ. ಬೀಜ ಸಾಯುತ್ತಾ? ಅದರೊಳಗಿನ ಭ್ರೂಣವೂ ಜೀವಂತವೇ ಅಲ್ವಾ?

ಜೀವಶಾಸ್ತ್ರ_ಮೇಷ್ಟ್ರು
ನ್ಯಾಯವಾದ ಪ್ರಶ್ನೆ, ಒಪ್ಪಿದೆ. ಆದರೆ ಪೌಲ ಬೀಜವನ್ನ ತಂದದ್ದು ಯೇಸು ಎದ್ದಿದ್ದಾರೆ ಅಂತ ಸಾಧಿಸೋಕಲ್ಲ. ಅದನ್ನ ಅದೇ ಅಧ್ಯಾಯದ ಮೊದಲಲ್ಲೇ ಸಾಕ್ಷಿಗಳನ್ನ ಹೆಸರಿಸಿ ಹೇಳಿ ಮುಗಿಸಿದ್ದಾನೆ. ಬೀಜ ಬರೋದು 35ನೇ ವಚನದ ಪ್ರಶ್ನೆಗೆ, "ಎಂಥ ದೇಹದಿಂದ ಬರ್ತಾರೆ?" ಚಿಟ್ಟೆಯನ್ನೂ ಅಲ್ಲೇ ಇಡಿ. ಕ್ರಿಸ್ತನು ಎದ್ದದ್ದಕ್ಕೆ ಚಿಟ್ಟೆ ಪುರಾವೆ ಅಲ್ಲ. ನಮ್ಮ ದೇಹ ಮುಂದೆ ಬೇರೆಯಾದರೂ ನಾವು ನಾವೇ ಆಗಿರ್ತೀವಿ ಅನ್ನೋದಕ್ಕೆ ಅದು ಚಿತ್ರ.

ಆ ಚಿತ್ರ ನಿಜಕ್ಕೂ ಗಟ್ಟಿಯಾಗಿದೆ. "ಗೂಡಿನೊಳಗೆ ಹುಳ ಪೂರ್ತಿ ಕರಗಿ ನೀರಾಗುತ್ತೆ" ಅಂತ ಪ್ರಸಂಗಗಳಲ್ಲಿ ಹೇಳ್ತಾರೆ. ಪೂರ್ತಿ ಅಲ್ಲ. ಹುಳದ ಸ್ನಾಯು, ಕರುಳಿನ ಒಳಪದರ ಬಹುಪಾಲು ಒಡೆದುಹೋಗುತ್ತೆ. ಉಸಿರಾಟದ ನಳಿಗೆ, ಹೃದಯದ ಕೊಳವೆ, ನರಮಂಡಲ ಮಾರ್ಪಾಡಾಗಿ ಉಳಿಯುತ್ತೆ. ರೆಕ್ಕೆ, ಕಾಲು, ಮೀಸೆಗೆ ಬೇಕಾದ ಜೀವಕೋಶಗಳ ಪುಟ್ಟ ಬಿಲ್ಲೆಗಳು ಹುಳವಾಗಿದ್ದಾಗಲೇ ಮೈಯೊಳಗೆ ಇರ್ತವೆ. 2008ರಲ್ಲಿ ಅಮೆರಿಕದಲ್ಲಿ ಹೊಗೆಸೊಪ್ಪಿನ ಹುಳದ ಮೇಲೆ ಪ್ರಯೋಗ ಮಾಡಿದರು. ಒಂದು ವಾಸನೆ ಬಿಟ್ಟಾಗಲೆಲ್ಲ ಸಣ್ಣ ವಿದ್ಯುತ್ ಶಾಕ್ ಕೊಟ್ಟು, ಹುಳ ಆ ವಾಸನೆಯಿಂದ ದೂರ ಹೋಗೋದನ್ನ ಕಲಿಸಿದರು. ಕೊನೇ ಹಂತದಲ್ಲಿ ಕಲಿತ ಹುಳಗಳು ಪತಂಗವಾದ ಮೇಲೂ ಆ ವಾಸನೆಯಿಂದ ದೂರ ಸರಿದವು. ಎದ್ದ ಮೇಲೂ ಸ್ವಾಮಿಯ ಕೈಯಲ್ಲಿ ಮೊಳೆಯ ಗಾಯ ಇತ್ತು, ಸಂದೇಹಪಟ್ಟ ಶಿಷ್ಯ ತೋಮನಿಗೆ ಅದನ್ನೇ ತೋರಿಸಿದರು. ಹೊಸ ದೇಹ, ಅದೇ ಗಾಯ. ಪೂರ್ತಿ ನೀರಾಯಿತು ಅನ್ನೋ ಕಥೆ ಹೇಳಿದರೆ ಈ ಮಾತು ಕೈತಪ್ಪಿ ಹೋಗುತ್ತೆ.

ತಪಸ್ಸುಕಾಲ
ಇದನ್ನ ಓದಿ ಮನಸ್ಸು ತುಂಬಿತು. ತೋಮನ ಜಾಗಕ್ಕೆ ಇದನ್ನ ಸೇರಿಸಬಹುದು ಅಂತ ಹೊಳೆದೇ ಇರಲಿಲ್ಲ.

ಗ್ರೀಕ್_ಪಾಠ
ಮೇಷ್ಟ್ರ ಮಾತಿಗೆ ಒಂದು ಸೇರಿಸ್ತೀನಿ. ಗ್ರೀಕರಲ್ಲಿ ಚಿಟ್ಟೆಗೂ ಆತ್ಮಕ್ಕೂ ಒಂದೇ ಪದ, ಪ್ಸೂಖೆ. ಅರಿಸ್ಟಾಟಲ್ ಚಿಟ್ಟೆಗೆ ಬಳಸಿದ್ದೂ ಅದೇ. ಅದಕ್ಕೇ "ಆತ್ಮ ದೇಹ ಬಿಟ್ಟು ಚಿಟ್ಟೆ ಹಾಗೆ ಹಾರಿಹೋಯಿತು" ಅಂತ ಸಮಾಧಿ ಕಲ್ಲಿನ ಮೇಲೂ ಕೆತ್ತಿಸ್ತಾರೆ. ಅದು ಗ್ರೀಕರ ನಂಬಿಕೆ. ನಮ್ಮದು "ದೇಹದ ಪುನರುತ್ಥಾನವನ್ನು ನಂಬುತ್ತೇನೆ" ಅನ್ನೋ ನಂಬಿಕೆ. 1 ಕೊರಿಂಥ 15:44ರಲ್ಲಿ ಪೌಲ ಬಿತ್ತಲ್ಪಡೋ ಪ್ರಾಕೃತ ದೇಹಕ್ಕೇ ಪ್ಸೂಖೆಯಿಂದ ಬಂದ ವಿಶೇಷಣ ಹಾಕ್ತಾನೆ. ಅಂದರೆ ಚಿಟ್ಟೆಯ ಪದ ಅಲ್ಲಿ ಹುಳದ ಕಡೆಗಿದೆ!

ಕೋಶ ಒಡೆದ ಮೇಲೆ ಉಳಿಯೋ ಸಿಪ್ಪೆಯನ್ನ ಮಕ್ಕಳ ಅಂಗೈ ಮೇಲೆ ಇಟ್ಟು ನೋಡಿಸಿ. ಪೊರೆ ಅಷ್ಟೇ, ಒಳಗೆ ಹೆಣ ಇಲ್ಲ. ಹುಳದ ಮೈಯೇ ಚಿಟ್ಟೆಯಾಗಿ ಹೋಗಿದೆ. ಯೋಹಾನ 20ರಲ್ಲಿ ಪೇತ್ರ ಗವಿಯೊಳಗೆ ಕಂಡದ್ದು ನಾರುಬಟ್ಟೆ, ಬೇರೆಯಾಗಿ ಸುತ್ತಿಟ್ಟಿದ್ದ ತಲೆಯ ವಸ್ತ್ರ. ಸಿಪ್ಪೆಯನ್ನ ಆ ಬಟ್ಟೆಗೆ ಹೋಲಿಸಿ, ಸತ್ತ ದೇಹಕ್ಕೆ ಬೇಡ.

ಹಿಪ್ಪುನೇರಳೆ
ರಾಮನಗರ, ಚನ್ನಪಟ್ಟಣ ಕಡೆಯವರಿಗೆ ಚಿಟ್ಟೆಗಿಂತ ರೇಷ್ಮೆ ಹುಳ ಹತ್ತಿರ. ಸಭೆಯ ಹಿರಿಯರೂ ಅದನ್ನೇ ಬಳಸಿದ್ದಾರೆ. ನಾಲ್ಕನೇ ಶತಮಾನದ ಕೈಸರೈಯದ ಬಿಷಪ್ ಬೆಸಿಲ್, ಸೃಷ್ಟಿಯ ಆರು ದಿನಗಳ ಬಗ್ಗೆ ಮಾಡಿದ ಪ್ರಸಂಗಗಳಲ್ಲಿ, ಪೌಲ ಹೇಳೋ ಪುನರುತ್ಥಾನದ ಮಾರ್ಪಾಡನ್ನ ನಂಬದವರಿಗೆ "ಇಂಡಿಯಾದ ಕೊಂಬಿನ ಹುಳ"ವನ್ನ ತೋರಿಸ್ತಾನೆ. ರೇಷ್ಮೆ ನೂಲು ಬಿಚ್ಚೋ ಹೆಂಗಸರೇ, ನೂಲುವಾಗ ಪುನರುತ್ಥಾನವನ್ನ ನೆನೆಯಿರಿ ಅನ್ನೋದು ಅವನ ಮಾತಿನ ಸಾರ. ಆಮೇಲೆ ಸ್ಪೇನಿನ ಆವಿಲಾದ ಸಂತ ತೆರೇಸಮ್ಮ, 1577ರಲ್ಲಿ, ಆತ್ಮದ ಕೋಟೆಯ ಬಗ್ಗೆ ಬರೆಯುತ್ತಾ ಐದನೇ ನಿವಾಸ ಅನ್ನೋ ಭಾಗದಲ್ಲಿ ಇದನ್ನೇ ಎತ್ತಿಕೊಂಡರು. ಹುಳ ಕಟ್ಟೋ ಗೂಡು ಅವರಿಗೆ ಕ್ರಿಸ್ತರೇ. ಕೊಲೊಸ್ಸೆ 3:3, ನಮ್ಮ ಜೀವ ಕ್ರಿಸ್ತರೊಂದಿಗೆ ದೇವರಲ್ಲಿ ಮರೆಯಾಗಿದೆ. ಗೂಡು ಸಮಾಧಿ ಅನ್ನೋದಕ್ಕಿಂತ ಇದು ಎಷ್ಟು ಆಳ ನೋಡಿ.

ನಮ್ಮ ರೈತರ ಮಾತೂ ಇಲ್ಲಿ ಕೈಹಿಡಿಯುತ್ತೆ. ಪೊರೆ ಬಿಡೋದಕ್ಕೆ ಅವರು "ಜ್ವರ" ಅಂತಾರೆ, ಒಂದನೇ ಜ್ವರ, ಎರಡನೇ ಜ್ವರ ಅಂತ ನಾಲ್ಕು. ಜ್ವರಕ್ಕೆ ಕೂತ ಹುಳ ತಲೆ ಎತ್ತಿಕೊಂಡು ಕಲ್ಲಿನ ಹಾಗೆ ಇರುತ್ತೆ, ಸೊಪ್ಪು ಮುಟ್ಟಲ್ಲ. ಆಗ ಸೊಪ್ಪು ಹಾಕಿದರೆ, ಕದಲಿಸಿದರೆ ಕೆಡುತ್ತೆ. ಐದನೇ ಹಂತ ಮುಗಿದಾಗ ಹುಳ "ಹಣ್ಣಾಯಿತು" ಅಂತಾರೆ. ಮೈ ಅರೆಪಾರದರ್ಶಕವಾಗಿ ಹಳದಿಗೆ ತಿರುಗುತ್ತೆ, ಆಗ ಚಂದ್ರಿಕೆಗೆ (ಹುಳ ಗೂಡು ಕಟ್ಟೋ ತಟ್ಟೆಗೆ) ಬಿಡೋದು. ಹಣ್ಣಾಗದ ಹುಳವನ್ನ ಚಂದ್ರಿಕೆಗೆ ಹಾಕಿದರೆ ಗೂಡು ತೆಳುವಾಗುತ್ತೆ. ರೋಮಾ 12:2ಕ್ಕೆ ಗ್ರೀಕ್ ಪಾಠದವರು ಹೇಳಿದ "ಮಾರ್ಪಡುತ್ತಾ ಇರಿ" ಇದೇ ಅಲ್ವಾ?

ಜೀವಶಾಸ್ತ್ರ_ಮೇಷ್ಟ್ರು
ಸುಂದರ. ಒಂದು ತಿದ್ದುಪಡಿ: ತೆರೇಸಮ್ಮ ಹೇಳೋ ಪುಟ್ಟ ಬಿಳಿ ಚಿಟ್ಟೆ ಅಲ್ಲಿ ಇಲ್ಲಿ ಹಾರಾಡುತ್ತೆ. ಸಾಕಿದ ರೇಷ್ಮೆ ಪತಂಗ ಹಾರಲ್ಲ, ರೆಕ್ಕೆ ಬಡಿದುಕೊಂಡು ನಡೆದಾಡುತ್ತೆ ಅಷ್ಟೇ. "ನಾನು ಕಣ್ಣಾರೆ ಕಂಡಿಲ್ಲ, ಕೇಳಿದ್ದು, ತಪ್ಪಿದ್ದರೆ ನನ್ನದಲ್ಲ" ಅಂತ ತೆರೇಸಮ್ಮ ಅವರೇ ಬರೆದುಕೊಂಡಿದ್ದಾರೆ. ಆ ಪ್ರಾಮಾಣಿಕತೆ ನಮಗೂ ಇರಲಿ.

ಇನ್ನೊಂದನ್ನೂ ಮುಚ್ಚಿಡಬಾರದು. ನೂಲು ಬಿಚ್ಚೋ ಗೂಡಿನಿಂದ ಪತಂಗ ಹೊರಗೆ ಬರೋದೇ ಇಲ್ಲ. ಅದು ಗೂಡು ತೂತು ಮಾಡಿದರೆ ಎಳೆ ತುಂಡಾಗುತ್ತೆ ಅಂತ ಬಿಸಿಗಾಳಿಯಲ್ಲೋ ಹಬೆಯಲ್ಲೋ ಮೊದಲೇ ಕೊಲ್ತಾರೆ. ರಾಮನಗರದ ಮಗು ಈ ಪ್ರಶ್ನೆ ಕೇಳೇ ಕೇಳುತ್ತೆ.

ಹಿಪ್ಪುನೇರಳೆ
ಕೇಳುತ್ತೆ, ನಿಜ. ಬಿತ್ತನೆ ಗೂಡು ಅಂತ ಬೇರೆ ಇರುತ್ತಲ್ಲ ಮೇಷ್ಟ್ರೇ, ಮೊಟ್ಟೆಗಾಗಿ ಪತಂಗ ಬರಲು ಬಿಡೋದು. ಮಕ್ಕಳಿಗೆ ತೋರಿಸೋದಾದರೆ ಅದನ್ನ ತೋರಿಸಬೇಕು.

ಸುವಾರ್ತೆ_ಸೇವಕ
ಒಬ್ಬ ಮನುಷ್ಯ ಕನಿಕರಪಟ್ಟು ಗೂಡನ್ನ ಕತ್ತರಿಸಿದ, ಚಿಟ್ಟೆ ಹಾರಲಿಲ್ಲ ಅನ್ನೋ ದೃಷ್ಟಾಂತ ಇದೆಯಲ್ಲ, ಕಷ್ಟ ಪಟ್ಟರೆ ರೆಕ್ಕೆ ಗಟ್ಟಿ ಅಂತ. ಅದನ್ನೂ ಸೇರಿಸಬಹುದು ಟೀಚರ್.

ಕರಿಬೇವು_ಗಿಡ
ಬ್ರದರ್, ಆ ದೃಷ್ಟಾಂತವನ್ನ ಹೇಳೋ ರೀತಿ ತಪ್ಪು. ಕಿರಿದಾದ ತೂತಿನಲ್ಲಿ ತೂರಿ ಬರುವಾಗ ಮೈಯ ರಸ ರೆಕ್ಕೆಗೆ ಹಿಂಡುತ್ತೆ ಅಂತಾರೆ. ನಿಂಬೆ ಚಿಟ್ಟೆ ಕೋಶದಿಂದ ಹೊರಬರೋಕೆ ಹೆಚ್ಚು ಹೊತ್ತು ತಗೊಳ್ಳಲ್ಲ, ಸಿಪ್ಪೆ ಸೀಳುತ್ತೆ, ಕಾಲೂರಿ ಹೊರಗೆ ಬರುತ್ತೆ. ನಿಜವಾದ ಕೆಲಸ ಆಮೇಲಿನದು. ಒದ್ದೆ ಬಟ್ಟೆ ಮುದ್ದೆಯಂಥ ರೆಕ್ಕೆ ಹೊತ್ತು ಮೇಲಕ್ಕೆ ಹತ್ತಿ ರೆಕ್ಕೆ ಕೆಳಗೆ ಇಳಿಬೀಳೋ ಹಾಗೆ ನೇತುಬೀಳುತ್ತೆ. ಹೊಟ್ಟೆ ಹಿಗ್ಗಿ ಕುಗ್ಗಿ ರಸ ರೆಕ್ಕೆಯ ನರಗಳಿಗೆ ತಳ್ಳುತ್ತೆ. ಹತ್ತಿಪ್ಪತ್ತು ನಿಮಿಷಕ್ಕೆ ರೆಕ್ಕೆ ಪೂರ್ತಿ ಬಿಚ್ಚುತ್ತೆ, ಒಣಗಿ ಗಟ್ಟಿಯಾಗೋಕೆ ಒಂದೆರಡು ಗಂಟೆ. ಕೋಶ ಕತ್ತರಿಸಿದರೆ ಹಾಳಾಗೋದು ಒಳಗಿನದು ಇನ್ನೂ ಬಲಿತಿರಲ್ಲ ಅನ್ನೋ ಕಾರಣಕ್ಕೆ. ಕಾಲಕ್ಕೆ ಮುಂಚೆ ಕೈಹಾಕಬೇಡಿ ಅನ್ನೋ ಪಾಠ ಬೇಕಾದರೆ ಇದರಲ್ಲೇ ಇದೆ.

ಅದಕ್ಕೇ ಕೋಶವನ್ನ ಪ್ಲಾಸ್ಟಿಕ್ ಡಬ್ಬಿಯಲ್ಲಿ ಇಡಬೇಡಿ. ಗೋಡೆ ಜಾರುತ್ತೆ, ಹತ್ತೋಕಾಗಲ್ಲ, ತಳದಲ್ಲೇ ರೆಕ್ಕೆ ಮುದುಡಿ ಒಣಗುತ್ತೆ. ಒಮ್ಮೆ ಒಣಗಿದರೆ ಮತ್ತೆ ಸರಿಹೋಗಲ್ಲ. ಸೊಳ್ಳೆ ಪರದೆ ಬಟ್ಟೆ ಹೊಲಿದ ಪಂಜರ ಮಾಡಿ, ಒಂದೂವರೆ ಅಡಿ ಎತ್ತರ ಇರಲಿ. ಹುಳ ತಿನ್ನೋದು ಬಿಟ್ಟು ನೀರು ನೀರಾಗಿ ಹಿಕ್ಕೆ ಹಾಕಿ ಅಲೆದಾಡೋಕೆ ಶುರು ಮಾಡಿದರೆ ಕಡ್ಡಿ ನಿಲ್ಲಿಸಿ. ಬಾಲದ ತುದಿಯನ್ನ ರೇಷ್ಮೆ ಮೆತ್ತೆಗೆ ಅಂಟಿಸಿ, ಸೊಂಟಕ್ಕೆ ಎಳೆಯ ನೂಲು ಬಿಗಿದು ಒರಗಿಕೊಳ್ಳುತ್ತೆ. ಆ ನೂಲು ಮಕ್ಕಳ ಬೆರಳು ತಾಗಿ ಹರಿದರೆ ಕೋಶ ಬೀಳುತ್ತೆ. ಬಿದ್ದರೆ ಕಾಗದದ ಪೊಟ್ಟಣ ಸುತ್ತಿ, ತಲೆ ಮೇಲೆ ಬರೋ ಹಾಗೆ ಒಳಗಿಟ್ಟು ಪಂಜರದ ಪರದೆಗೆ ಪಿನ್ ಮಾಡಿ.

ಸಂಡೇಸ್ಕೂಲ್_ಟೀಚರ್
ಗುಡ್ ಫ್ರೈಡೇವರೆಗೆ ಪಂಜರಕ್ಕೆ ನೇರಳೆ ಬಟ್ಟೆ ಹೊದಿಸಿದರೆ ಹೇಗೆ? ಪಕ್ಕದ ಕ್ಯಾಥೊಲಿಕ್ ಚರ್ಚ್‌ನಲ್ಲಿ ಪ್ರತಿಮೆಗಳಿಗೆ ಹೊದಿಸ್ತಾರಲ್ಲ.

ತಪಸ್ಸುಕಾಲ
ಹೌದು ಟೀಚರ್, ನಮ್ಮಲ್ಲಿ ತಪಸ್ಸುಕಾಲದ (ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳ) ಐದನೇ ಭಾನುವಾರದಿಂದ ಮುಚ್ಚೋ ರೂಢಿ, ಈ ಸಲ ಮಾರ್ಚ್ 22. ಸುಮಾರಾಗಿ ಆ ವಾರದಲ್ಲೇ ನಿಮ್ಮ ಹುಳಗಳೂ ಕೋಶ ಕಟ್ಟುತ್ತವೆ. ಅರ್ಥ ಚೆನ್ನಾಗಿ ಹೊಂದುತ್ತೆ.

ಕರಿಬೇವು_ಗಿಡ
ದಪ್ಪ ಬಟ್ಟೆ ಬೇಡ. ಗಾಳಿ ಆಡದಿದ್ದರೆ ಹಿಕ್ಕೆಗೆ, ಎಲೆಗೆ ಬೂಷ್ಟು ಬರುತ್ತೆ, ಕೋಶಕ್ಕೂ ಹತ್ತುತ್ತೆ. ಇನ್ನೊಂದು, ನಿಂಬೆ ಚಿಟ್ಟೆ ಸಾಮಾನ್ಯವಾಗಿ ಬೆಳಗಿನ ಹೊತ್ತು ಹೊರಬರುತ್ತೆ, ಅದಕ್ಕೆ ಹಗಲು ರಾತ್ರಿಯ ಬೆಳಕು ತಿಳಿಯಬೇಕು. ಮೂರು ಬದಿ ತೆಳು ವಾಯಿಲ್ ಸಾಕು, ಕಿಟಕಿ ಕಡೆ ತೆರೆದಿಡಿ. ನೇರ ಬಿಸಿಲು ಬೀಳದಿರಲಿ. ಸ್ಟ್ಯಾಂಡಿನ ಕಾಲುಗಳನ್ನ ನೀರಿನ ಬಟ್ಟಲಲ್ಲಿಡಿ, ಇರುವೆ ಒಂದೇ ರಾತ್ರಿಗೆ ಎಲ್ಲಾ ಮುಗಿಸುತ್ತೆ.

ಜೀವಶಾಸ್ತ್ರ_ಮೇಷ್ಟ್ರು
ಪರದೆಯ ಕಣ್ಣು ಸಣ್ಣದಿರಲಿ. ಆಗತಾನೇ ಕಟ್ಟಿದ ಮೆತ್ತನೆ ಕೋಶಕ್ಕೆ ಪುಟ್ಟ ಕಣಜಗಳು ಮೊಟ್ಟೆ ಇಡ್ತವೆ. ಹತ್ತು ದಿನವಾದರೂ ಕೋಶ ಕಂದಾಗಿ, ಮುಟ್ಟಿದರೆ ಅಲ್ಲಾಡದೆ, ಸೂಜಿ ತೂತು ಕಂಡರೆ ಅದು ಹೋಯಿತು. ಎಲ್ಲ ಕೋಶವೂ ಚಿಟ್ಟೆ ಆಗಲ್ಲ ಅಂತ ಮಕ್ಕಳಿಗೆ ಮೊದಲೇ ಹೇಳಿ. ಹಾಗೆಯೇ, ಹೊರಬಂದ ಚಿಟ್ಟೆ ಒಂದೆರಡು ಹನಿ ಬಣ್ಣದ ದ್ರವ ಬಿಡುತ್ತೆ. ರಕ್ತ ಅಲ್ಲ, ಕೋಶದಲ್ಲಿದ್ದಾಗ ಶೇಖರವಾದ ಕಸ. ದಯವಿಟ್ಟು ಅದನ್ನ ಕ್ರಿಸ್ತನ ರಕ್ತಕ್ಕೆ ಹೋಲಿಸಬೇಡಿ.

ಸುವಾರ್ತೆ_ಸೇವಕ
22ನೇ ಕೀರ್ತನೆಯಲ್ಲಿ "ನಾನು ಹುಳ" ಅಂತ ಬರುತ್ತಲ್ಲ. ಶಿಲುಬೆಯ ಮೇಲೆ ಸ್ವಾಮಿ ಆಡಿದ ಮಾತು ಅದೇ ಕೀರ್ತನೆಯ ಮೊದಲ ಸಾಲು. ಹುಳಕ್ಕೆ ಅಲ್ಲಿ ಆಧಾರ ಸಿಕ್ಕಿತಲ್ಲ.

ಗ್ರೀಕ್_ಪಾಠ
ಅಲ್ಲಿನ ಹೀಬ್ರೂ ಪದ ತೋಲಾತ್, ಕೆಂಪು ಬಣ್ಣ ತೆಗೆಯೋ ಕೀಟಕ್ಕೂ ಅದೇ ಪದ. ಅದು ಚಿಟ್ಟೆಯ ಹುಳ ಅಲ್ಲ. ಆದರೆ ಹುಳ ಅಂದ್ರೆ ಪಾಪ ಅನ್ನೋ ಚಾರ್ಟಿಗೆ ಉತ್ತರ ಇಲ್ಲೇ ಸಿಕ್ಕಿತು. ಎಲ್ಲರೂ ತುಳಿಯೋ ಹುಳದ ಜಾಗದಲ್ಲಿ ಸ್ವಾಮಿಯೇ ಬಂದು ನಿಂತರು. ಹುಳವನ್ನ ಹೀನಾಯ ಮಾಡಿ ಮಕ್ಕಳಿಗೆ ಪಾಠ ಹೇಳಬೇಡಿ. ಅದನ್ನೂ ದೇವರೇ ಉಂಟುಮಾಡಿದ್ದು, ಪಾಪ ಅದಕ್ಕಿಲ್ಲ.

ಸಂಡೇಸ್ಕೂಲ್_ಟೀಚರ್
ಚಾರ್ಟ್ ಬದಲಾಯಿಸ್ತೀವಿ. ಹುಳ ಪೊರೆ ಬಿಡೋದಕ್ಕೆ ರೋಮಾ 12:2, ಕೋಶಕ್ಕೆ ಕೊಲೊಸ್ಸೆ 3:3, ಸಿಪ್ಪೆಗೆ ಯೋಹಾನ 20, ಚಿಟ್ಟೆಗೆ 1 ಕೊರಿಂಥ 15:44. ಕೊನೇ ಪ್ರಶ್ನೆ: ಶನಿವಾರವೇ ಹೊರಬಂದರೆ? ಫ್ರಿಜ್‌ನಲ್ಲಿ ಇಡಬಹುದು ಅಂತ ಯಾರೋ ಹೇಳಿದರು.

ಕರಿಬೇವು_ಗಿಡ
ಫ್ರಿಜ್ ಖಂಡಿತ ಬೇಡ. ಹೊರಬಂದದ್ದನ್ನ ಅಂದೇ ಬಿಟ್ಟುಬಿಡಿ. ಶನಿವಾರ ಸಂಜೆ ಟಾರ್ಚ್ ಹಿಡಿದು ಪ್ರತಿ ಕೋಶವನ್ನೂ ನೋಡಿ. ಹೊರಬರೋಕೆ ಸಿದ್ಧವಾದದ್ದು ಹಸಿರು ಹೋಗಿ ಕಪ್ಪಾಗಿರುತ್ತೆ, ಸಿಪ್ಪೆಯ ಮೂಲಕ ರೆಕ್ಕೆಯ ಹಳದಿ ಚುಕ್ಕೆ ಕಾಣುತ್ತೆ. ಹಾಗಿದ್ದದ್ದು ಬಹುಮಟ್ಟಿಗೆ ಮರುದಿನ ಬೆಳಗ್ಗೆಯೇ ಬಿಚ್ಚುತ್ತೆ. ಆ ಕಡ್ಡಿಗಳನ್ನಷ್ಟೇ ಬೇರೆ ಪಂಜರಕ್ಕೆ ಹಾಕಿ ರಾತ್ರಿಯೇ ಚರ್ಚಿಗೆ ಒಯ್ಯಿರಿ, ಬೆಳಗ್ಗೆ ಅಲ್ಲಾಡಿಸಬೇಡಿ. ಕೆಳಗೆ ಪೇಪರ್ ಹಾಸಿ. ಮುಂಜಾನೆಯ ಆರಾಧನೆ 5 ಗಂಟೆಗಾದರೆ ಆಗ ಬಹುಶಃ ಇನ್ನೂ ಕೋಶದಲ್ಲೇ ಇರುತ್ತೆ, ಬಿಡೋದನ್ನ 10 ಗಂಟೆಗೆ ಇಟ್ಟುಕೊಳ್ಳಿ. ರೆಕ್ಕೆ ಹಿಡಿದು ಎತ್ತಬೇಡಿ, ಬೆರಳನ್ನ ಕಾಲ ಮುಂದೆ ಇಟ್ಟರೆ ತಾನೇ ಹತ್ತುತ್ತೆ.

ಸಂಡೇಸ್ಕೂಲ್_ಟೀಚರ್
ಸರಿ. ಮಾರ್ಚ್ 5ರಿಂದ ಮೊಟ್ಟೆ ಹುಡುಕೋಕೆ ಶುರು. ಮೈಸೂರಲ್ಲಿ ಔಷಧಿ ಹೊಡೆಯದ ಕರಿಬೇವಿನ ಗಿಡ ಇರೋರು ಇಲ್ಲೇ ತಿಳಿಸಿ.